ಮಲತಾಯಿ ಬೋರ್ಡು

ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋದರೆ ವಿಂಡೋಸಿಗೂ ಸೂತಕ ತಟ್ಟುತ್ತದೆ ಎಂಬ ನಂಬಿಕೆ ರಿಪೇರಿ ಅಂಗಡಿಗಳಲ್ಲಿ ಇಂದಿಗೂ ಗಟ್ಟಿಯಾಗಿದೆ. ಹೊಸ ಬೋರ್ಡನ್ನು ಡಬ್ಬಿಯಿಂದ ತೆಗೆಯುವ ಮೊದಲೇ 'ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್' ಎಂಬ ಪುಣ್ಯಾಹವಾಚನ ಶುರುವಾಗುತ್ತದೆ. ಸತ್ತದ್ದು ಬೋರ್ಡು ಮಾತ್ರ; ವಿಂಡೋಸು, ಅದರ ಮೇಲೆ ಕೂತ ಪ್ರೋಗ್ರಾಮು, ಫೋಟೋ, ಲೆಕ್ಕಪತ್ರ ಎಲ್ಲವೂ ಡಿಸ್ಕಿನಲ್ಲಿ ಕ್ಷೇಮವಾಗಿವೆ. ತಾಯಿ ತೀರಿಕೊಂಡಳೆಂದು ಮಗುವಿನ ನೆನಪನ್ನೆಲ್ಲ ಒರೆಸಿಹಾಕಿ, ಮತ್ತೆ ಅ ಆ ಇ ಈಯಿಂದ ತಿದ್ದಿಸುವುದು ಯಾವ ಊರಿನ ಶಾಸ್ತ್ರ? ಮೊದಲು ಮಗುವನ್ನು ಹೊಸ ತಾಯಿಯ ಮಡಿಲಲ್ಲಿ ಕೂರಿಸಿ ನೋಡಿ, ಹೊಂದಿಕೊಂಡರೆ ಸುಮ್ಮನಿರಿ ಎಂಬುದಷ್ಟೇ ನನ್ನ ವಾದ. ಮಲತಾಯಿ ಎಂದೊಡನೆ 'ಧೋರಣೆ'ಯನ್ನು ಅಂಟಿಸುವ ಚಾಳಿಯನ್ನು ವಿಧಾನಸಭೆಗೇ ಬಿಟ್ಟುಬಿಡೋಣ.

ಹಾಗೆಂದು ಈ ಭಯ ಗಾಳಿಯಲ್ಲಿ ಹುಟ್ಟಿದ್ದಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಮಹಾ ಹಟಮಾರಿ ಕೂಸು. ಇನ್‌ಸ್ಟಾಲ್ ಆದ ದಿನ ಕಂಡ ಬೋರ್ಡಿಗೆ ತಕ್ಕಂತೆ ಯಂತ್ರಾಂಶಕ್ಕೂ ತನಗೂ ನಡುವೆ 'ಹಾಲ್' ಎಂಬ ಮಧ್ಯವರ್ತಿಯನ್ನು ಆರಿಸಿಕೊಂಡು, ಆಮೇಲೆ ಬೇರೊಬ್ಬನ ಮುಖ ನೋಡುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಡಿಸ್ಕಿನದು. ಆನ್ ಆದ ಮೊದಲ ಕ್ಷಣಗಳಲ್ಲಿ ಬಯಾಸ್ ತಾನೇ ಡಿಸ್ಕಿನಿಂದ ತುತ್ತು ತೆಗೆದು ವಿಂಡೋಸಿನ ಬಾಯಿಗಿಡುತ್ತದೆ. ಸ್ವಲ್ಪ ಹೊತ್ತಿಗೆ ವಿಂಡೋಸು ತನ್ನ ಕೈಯಿಂದಲೇ ಉಣ್ಣಬೇಕು. ಆ ಕೈ ಎಂದರೆ ಡಿಸ್ಕ್ ಕಂಟ್ರೋಲರಿನ ಡ್ರೈವರ್. ಹೊಸ ಬೋರ್ಡಿನ ಕಂಟ್ರೋಲರ್ ಬೇರೆಯದಾದರೆ ಎಲೆಯ ಮೇಲೆ ಅನ್ನವಿದ್ದೂ ಕೈಯಿಲ್ಲದ ಸ್ಥಿತಿ. ಆಗಲೇ ಸೊನ್ನೆಗಳ ಸಾಲಿನ ಕೊನೆಗೆ '7ಬಿ' ಎಂದು ಬರೆದ ಆ ಪ್ರಸಿದ್ಧ ನೀಲಿ ಪರದೆ. ವಿಂಡೋಸ್ 7 ಕೂಡ ಡಿಸ್ಕ್ ಕಂಟ್ರೋಲರಿನ ರೀತಿ ಐಡಿಇಯಿಂದ ಎಎಚ್‌ಸಿಐಗೆ ಬದಲಾದರೆ ಹೀಗೇ ಮುಖ ನೀಲಿ ಮಾಡಿಕೊಳ್ಳುತ್ತಿತ್ತು. ರಿಜಿಸ್ಟ್ರಿಯಲ್ಲಿ ಆ ಡ್ರೈವರಿನ ಜಾಗದಲ್ಲಿ 3 ಇದ್ದ ಕಡೆ 0 ಎಂದು ತಿದ್ದಿದರೆ ಸುಮ್ಮನಾಗುತ್ತಿತ್ತು. ಆ ತಲೆಮಾರಿನ ಮೆಕ್ಯಾನಿಕ್ ಫಾರ್ಮ್ಯಾಟ್ ಎಂದದ್ದು ಅನುಭವದ ಮಾತು. ಆದರೆ 2012ರ ವಿಂಡೋಸ್ 8, 2015ರ ವಿಂಡೋಸ್ 10 ಬಂದ ಮೇಲೆ ಕೂಸಿನ ಸ್ವಭಾವವೇ ಬದಲಾಯಿತು. ಹೊಸ ಬೋರ್ಡು ಕಂಡರೆ ಸಾಧನಗಳನ್ನು ಸಿದ್ಧಪಡಿಸುತ್ತಿದ್ದೇನೆ ಎಂದು ಶೇಕಡಾವಾರು ಎಣಿಸುತ್ತ ಕೂತು, ಒಂದೆರಡು ಸಲ ರೀಸ್ಟಾರ್ಟ್ ಆಗಿ, ಹಳೆಯ ವಾಲ್‌ಪೇಪರನ್ನೇ ತೋರಿಸುವುದು ಈಗ ಸಾಮಾನ್ಯ. ಲಿನಕ್ಸಿನ ಕೂಸಂತೂ ಊರೆಲ್ಲರ ಮಡಿಲಲ್ಲಿ ಬೆಳೆದದ್ದು. ಡ್ರೈವರುಗಳ ಗಂಟು ಕರ್ನಲಿನ ಜೊತೆಗೇ ಬರುತ್ತದೆ. ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಿ ಒಂದಷ್ಟು ಹೊತ್ತು ಇಂಟರ್ನೆಟ್ ಮುನಿಸಿಕೊಳ್ಳಬಹುದು, ಅಷ್ಟೇ. ಕಾಲ ಬದಲಾದರೂ ಪುಣ್ಯಾಹದ ಮಂತ್ರ ಮಾತ್ರ ಬದಲಾಗಿಲ್ಲ.

ಹಳೆಯ ಡ್ರೈವರುಗಳ ಕಸ ಉಳಿಯುತ್ತದಲ್ಲ ಎನ್ನುತ್ತಾರೆ. ಉಳಿಯುತ್ತದೆ, ಅಟ್ಟದ ಮೇಲಿನ ಹಿತ್ತಾಳೆ ಹಂಡೆಯಂತೆ. ಡಿವೈಸ್ ಮ್ಯಾನೇಜರಿನಲ್ಲಿ ಅಡಗಿದ ಸಾಧನಗಳನ್ನು ತೋರಿಸು ಎಂದರೆ ಮಸುಕಾಗಿ ಕಾಣುತ್ತವೆ. ಆ ಯಂತ್ರಾಂಶವೇ ಇಲ್ಲದ ಮೇಲೆ ಅವುಗಳಲ್ಲಿ ಬಹುಪಾಲು ಮಲಗಿಯೇ ಇರುತ್ತವೆ. ನಿಜವಾದ ಕಾಟ ಫ್ಯಾನು ತಿರುಗಿಸುವ, ಬಣ್ಣದ ದೀಪ ಮಿನುಗಿಸುವ ಬೋರ್ಡ್ ಕಂಪನಿಗಳ ಸಾಫ್ಟ್‌ವೇರಿನದು. ಅದನ್ನು ಕಿತ್ತುಹಾಕಲು ಇಡೀ ಮನೆ ಕೆಡವಬೇಕಿಲ್ಲ. ಇನ್ನೊಂದು ಆಕ್ಷೇಪ ಲೈಸೆನ್ಸಿನದು: ಬೋರ್ಡು ಬದಲಾದ ಮೇಲೆ ವಿಂಡೋಸಿನ ಹಕ್ಕು ಉಳಿಯುತ್ತದೆಯೇ? ಇದಕ್ಕೆ ತೂಕವಿದೆ. ತಲೆ ಒಬ್ಬನದು, ಮುಂಡ ಇನ್ನೊಬ್ಬನದಾದರೆ ಗಂಡ ಯಾರು ಎಂದು ಬೇತಾಳ ಕೇಳಿದಾಗ ರಾಜ ತಲೆಯ ಪರ ತೀರ್ಪು ಕೊಟ್ಟ. ಮೈಕ್ರೋಸಾಫ್ಟ್, ಕಂಪ್ಯೂಟರಿನ ಜೊತೆಗೇ ಬರುವ ಒಇಎಂ ಲೈಸೆನ್ಸಿನಲ್ಲಿ ಮುಂಡದ ಪರ: ಬೋರ್ಡು ಹೋದರೆ ಸಾಮಾನ್ಯವಾಗಿ ಹಕ್ಕೂ ಅದರೊಡನೆ ಸಹಗಮನ. ಬೇರೆಯಾಗಿ ಕೊಂಡ ರೀಟೇಲ್ ಲೈಸೆನ್ಸಾದರೆ ತಲೆಯ ಜೊತೆ ನಡೆದು ಬರುತ್ತದೆ. 2016ರಿಂದ ಅದನ್ನು ಮೈಕ್ರೋಸಾಫ್ಟ್ ಖಾತೆಗೆ ಕಟ್ಟಿಟ್ಟು, ಬೋರ್ಡು ಬದಲಿಸಿದ್ದೇನೆ ಎಂದು ಸೆಟ್ಟಿಂಗ್ಸಿನಲ್ಲೇ ನಿವೇದಿಸಿಕೊಳ್ಳಬಹುದು. ಆದರೆ ಆಕ್ಷೇಪಿಸುವವರು ಒಂದು ಮಾತು ನುಂಗುತ್ತಾರೆ. ಫಾರ್ಮ್ಯಾಟ್ ಮಾಡಿದ ಮಾತ್ರಕ್ಕೆ ಒಇಎಂ ಹಕ್ಕು ಹೊಸ ಬೋರ್ಡಿಗೆ ಬರುವುದಿಲ್ಲ. ಕಾಯಿಲೆ ವಾಸಿಮಾಡದ ಮದ್ದನ್ನು ಕುಡಿಯುವುದೇಕೆ?

ಬಿಟ್‌ಲಾಕರ್ ಮುಂದೆ ಮಾತ್ರ ನಾನೂ ಕೈಮುಗಿಯುತ್ತೇನೆ. ಡಿಸ್ಕಿಗೆ ಬೀಗ ಹಾಕಿ ಅದರ ಗುಟ್ಟನ್ನು ಬೋರ್ಡಿನಲ್ಲೋ ಪ್ರೊಸೆಸರಿನಲ್ಲೋ ಇರುವ ಟಿಪಿಎಮ್ ಎಂಬ ಅಂತಃಪುರದಲ್ಲಿ ಇಟ್ಟಿರುತ್ತದೆ. ಬೋರ್ಡು ಬದಲಾದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಖಾತೆಯಲ್ಲೋ ಕಾಗದದಲ್ಲೋ ಇಲ್ಲದಿದ್ದರೆ ಮಲತಾಯಿಯಲ್ಲ, ದೇವರೂ ಬಾಗಿಲು ತೆರೆಯಲಾರ. ಬೋರ್ಡು ಇನ್ನೂ ಉಸಿರಾಡುತ್ತಿರುವಾಗಲೇ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಡಿಸ್ಕಿನ ಬ್ಯಾಕಪ್ ತೆಗೆದಿಟ್ಟವನು ಜಾಣ. ಹೀಗೆಲ್ಲ ಮಾಡಿಯೂ ವಾರಗಟ್ಟಲೆ ನೀಲಿ ಪರದೆ ಕಾಡಿದರೆ ಫಾರ್ಮ್ಯಾಟ್ ಹೊಡೆಯಿರಿ, ಜಗಳವಿಲ್ಲ.

ಅಂಗಡಿಯವನಿಗೆ ಫಾರ್ಮ್ಯಾಟೇ ಲಾಭ ಎಂಬುದೂ ಸುಳ್ಳಲ್ಲ. ಅದಕ್ಕೆಷ್ಟು ಹೊತ್ತು ಹಿಡಿಯುತ್ತದೆಂದು ಅವನಿಗೆ ಗೊತ್ತು. ದೋಷ ಹುಡುಕುತ್ತ ಕೂತರೆ ಮಧ್ಯಾಹ್ನದ ಊಟ ತಪ್ಪೀತು. ಅವನ ಗಡಿಯಾರಕ್ಕೆ ಸರಿಯಾದ ಲೆಕ್ಕ ನಿಮ್ಮ ಗಡಿಯಾರಕ್ಕೆ ಹೊಂದದು. ಫಾರ್ಮ್ಯಾಟಾದ ಯಂತ್ರ ಮನೆಗೆ ಬಂದ ಮೇಲೆ ಪ್ರಿಂಟರ್, ಟ್ಯಾಲಿ, ಪಾಸ್‌ವರ್ಡುಗಳ ಮೆರವಣಿಗೆ ಮುಗಿಸಿ, ಹತ್ತು ವರ್ಷ ಹಿಂದಿನ ಕನ್ನಡ ಸುತ್ತೋಲೆಯೊಂದನ್ನು ತೆರೆದರೆ ಹಳೆಯ ನುಡಿ ಫಾಂಟಿಲ್ಲದೆ ಪುಟದ ತುಂಬ ಇಂಗ್ಲಿಷ್ ಅಕ್ಷರಗಳು ಕಾಲು ಮೇಲೆ ಮಾಡಿ ಬಿದ್ದಿರುತ್ತವೆ.