ದುರ್ಬೀನು ರಾಯರು

ಬೆಂಗಳೂರಿನ ಪ್ರತಿ ಬಡಾವಣೆಗೂ ಒಬ್ಬ ದುರ್ಬೀನು ರಾಯರು ಇದ್ದಾರೆ. ಜಯನಗರದವರಾದರೆ ಬ್ಯಾಂಕಿನಿಂದ ನಿವೃತ್ತರು, ವೈಟ್‌ಫೀಲ್ಡಿನವರಾದರೆ ಇನ್ನೂ ಸಾಫ್ಟ್‌ವೇರಿನಲ್ಲಿರುವವರು, ಮಲ್ಲೇಶ್ವರದಲ್ಲಿ ಎರಡು ಬಗೆಯವರೂ ಸಿಗುತ್ತಾರೆ. ಗುರುತು ಮಾತ್ರ ಒಂದೇ. ಪಾಚಿಬಣ್ಣದ ಟೋಪಿ, ಎಣಿಸಲಾಗದಷ್ಟು ಜೇಬುಗಳ ಜಾಕೀಟು, ಎದೆಯ ಮೇಲೆ ಎಂಟು ಪಟ್ಟು ಹಿಗ್ಗಿಸಿ ತೋರಿಸುವ ದುರ್ಬೀನು, ಎದುರಿಗಿರುವವರ ಮುಖ ಬಿಟ್ಟು ಅವರ ತಲೆಯ ಮೇಲಿನ ಕೊಂಬೆಯನ್ನೇ ನೋಡುವ ಕಣ್ಣು. ಮದುವೆಮನೆಯಲ್ಲಿ ಗಟ್ಟಿಮೇಳದ ಹೊತ್ತಿಗೆ ಕಿಟಕಿಯಾಚೆ ಅರಳಿಮರವಿದ್ದರೆ ಮುಗಿಯಿತು, ರಾಯರ ಅಕ್ಷತೆ ಮುಂದಿನ ಸಾಲಿನವರ ಬೋಳುತಲೆಗೆ ಬೀಳುತ್ತದೆ.

ತಿಂಗಳ ಎರಡನೇ ಭಾನುವಾರ ಹಕ್ಕಿ ನೋಡುವವರು ಲಾಲ್‌ಬಾಗಿನಲ್ಲಿ ಕೂಡುವ ಪದ್ಧತಿ 1970ರ ದಶಕದಿಂದ ನಡೆದುಬಂದದ್ದು. ರಾಯರು ಅಲ್ಲಿ ಗಾಜಿನ ಮನೆಯ ಹತ್ತಿರ ಎಲ್ಲರಿಗಿಂತ ಮೊದಲು ಬಂದು, ತಡವಾಗಿ ಬಂದವರನ್ನು ದುರ್ಬೀನಿನಲ್ಲೇ ಗುರುತಿಸುತ್ತಾರೆ. ನಡಿಗೆ ಶುರುವಾದ ಮೇಲೆ ನೂರು ಅಡಿ ಸಾಗುವುದಕ್ಕೆ ಅರ್ಧ ಗಂಟೆ. ಇದ್ದಕ್ಕಿದ್ದಂತೆ ರಾಯರ ಕೈ ಮೇಲಕ್ಕೇಳುತ್ತದೆ.

“ಶ್! ಆ ನೇರಳೆ ಮರ. ಹತ್ತು ಗಂಟೆಗೆ ನೋಡಿ!”

ಹೊಸದಾಗಿ ಬಂದವರೊಬ್ಬರು ಕೈಗಡಿಯಾರ ನೋಡಿಕೊಂಡು, “ಈಗಿನ್ನೂ ಎಂಟು ಸಾರ್. ಅಷ್ಟರಲ್ಲಿ ಎಂ.ಟಿ.ಆರ್.ಗೆ ಹೋಗಿ ಬಂದುಬಿಡಲಾ?” ಎನ್ನುತ್ತಾರೆ.

ಮರವನ್ನೇ ಗಡಿಯಾರ ಎಂದುಕೊಳ್ಳಬೇಕು, ನೆತ್ತಿ ಹನ್ನೆರಡು, ಬುಡ ಆರು ಎಂದು ರಾಯರು ಬಿಡಿಸಿ ಹೇಳುವಷ್ಟರಲ್ಲಿ ಹಕ್ಕಿ ಬೇರೆ ಮರಕ್ಕೆ, ಬೇರೆ ಗಂಟೆಗೆ ಹೋಗಿರುತ್ತದೆ. ಆದರೂ ಗುಂಪಿನಲ್ಲಿ ಒಬ್ಬೊಬ್ಬರೇ “ಹ್ಞಾಂ, ಕಂಡಿತು ಕಂಡಿತು” ಎನ್ನತೊಡಗುತ್ತಾರೆ. ಮೊದಲನೆಯವರಿಗೆ ಕಂಡದ್ದು ಹಣ್ಣೆಲೆ. ಉಳಿದವರಿಗೆ ಕಂಡದ್ದು ಮೊದಲನೆಯವರಿಗೆ ಕಂಡಿತಲ್ಲ ಎಂಬ ಸಂಕಟ. ರಾಯರು ಮಾತ್ರ ಪುಳಕಗೊಂಡಿರುತ್ತಾರೆ. ಹತ್ತು ಗ್ರಾಮೂ ತೂಗದ ಆ ಉಲಿಯಕ್ಕಿ ಹಿಮಾಲಯದ ಕಡೆಯಿಂದ ಚಳಿಗಾಲ ಕಳೆಯಲು ಬಂದದ್ದು ಎಂಬುದು ಅವರಿಗೆ ಗೊತ್ತು. ಹೆಂಡತಿ ತರಲು ಹೇಳಿದ್ದು ಕೊತ್ತಂಬರಿಯೋ ಪುದೀನವೋ ಎಂಬುದು ಗೊತ್ತಿಲ್ಲ.

ಹಕ್ಕಿಗಳಲ್ಲಿ ರಾಯರು ಪಂಕ್ತಿಭೇದ ಮಾಡುತ್ತಾರೆ. ಬದುಕಿನಲ್ಲಿ ಮೊದಲ ಸಲ ಕಂಡದ್ದು ‘ಲೈಫರ್’. ಅದಕ್ಕಾಗಿ ರಾತ್ರಿ ಬಸ್ಸು, ಕೆಸರು, ಜಿಗಣೆ ಎಲ್ಲ ಸಹ್ಯ. ಎರಡನೇ ಸಲ ಕಂಡದ್ದಕ್ಕೆ ಮುಗುಳ್ನಗೆ, ಮೂರನೇ ಸಲ ಕಂಡದ್ದಕ್ಕೆ ಬರೀ “ಹೂಂ”. ಕಾಗೆ, ಪಾರಿವಾಳ, ಗೊರವಂಕಗಳಿಗೆ ಅದೂ ಇಲ್ಲ. “ಸಾರ್, ಅಲ್ಲಿ ಏನೋ ಕಪ್ಪಗೆ...” ಎಂದು ಯಾರಾದರೂ ತೋರಿಸಿದರೆ ರಾಯರು ಕತ್ತು ತಿರುಗಿಸದೆ, “ಕಾಗೆ. ಮುಂದೆ ನಡೀರಿ” ಎನ್ನುತ್ತಾರೆ.

ಇಂಥವರ ಜೊತೆ ನಾಗರಹೊಳೆಯ ಸಫಾರಿಗೆ ಹೋಗಬಾರದು. ಹುಲಿಗೆಂದು ದುಡ್ಡು ಕೊಟ್ಟು ಕೂತವರ ನಡುವೆ ಎದ್ದು ನಿಂತು ಮರಕುಟಿಗಕ್ಕಾಗಿ ಜೀಪು ನಿಲ್ಲಿಸುತ್ತಾರೆ. ಯಾರಾದರೂ ಗೊಣಗಿದರೆ, “ಹುಲಿ ಎಷ್ಟು ನೋಡಿದರೂ ಒಂದೇ ಜಾತಿ ಕಣ್ರೀ” ಎಂಬ ಸಮಾಧಾನ. ಒಮ್ಮೆ ಕಾಡಿನಲ್ಲಿ ಹಾವುಗಿಡುಗದ ಕೂಗು ಕೇಳಿ ಎಲ್ಲರ ಬಾಯಿ ಮುಚ್ಚಿಸಿ ಕಾದರು. ಕೊನೆಗೆ ಎಲೆಮರೆಯಿಂದ ಹೊರಬಂದದ್ದು ಭೀಮರಾಜ, ಊರ ಹಕ್ಕಿಗಳ ದನಿಯನ್ನೆಲ್ಲ ಅಣಕಿಸುವ ಕಾಜಾಣದ ದೊಡ್ಡಣ್ಣ. ರಂಗನತಿಟ್ಟಿನ ದೋಣಿಯಲ್ಲಿ ಮಿಕ್ಕವರೆಲ್ಲ ಬಂಡೆಯ ಮೇಲಿನ ಮೊಸಳೆಯತ್ತ ವಾಲಿದರೆ, ರಾಯರು ಒಬ್ಬರೇ ಇನ್ನೊಂದು ಪಕ್ಕಕ್ಕೆ ವಾಲಿ ನದಿ ರೀವ ನೋಡುತ್ತಾರೆ. ದೋಣಿಯ ಸಮತೋಲಕ್ಕೆ ಇದರಿಂದ ಉಪಕಾರವೇ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ ಮೈಸೂರು ಸಂಸ್ಥಾನ ಇದನ್ನು ಪಕ್ಷಿಧಾಮ ಮಾಡಿತೆಂದು ಅವರು ಹೇಳುತ್ತಿದ್ದರೆ, ಪಕ್ಕದಲ್ಲಿದ್ದ ಮಗು ಮೊಸಳೆ ಯಾಕೆ ಬಾಯಿ ಮುಚ್ಚುತ್ತಿಲ್ಲ ಎಂದು ಕೇಳುತ್ತಿರುತ್ತದೆ.

ಕಾಗೆ ಸೇಡು ತೀರಿಸಿಕೊಂಡದ್ದು ಪಿತೃಪಕ್ಷದಲ್ಲಿ. ತಂದೆಯ ಶ್ರಾದ್ಧ. ಬೆರಳಿಗೆ ದರ್ಭೆಯ ಪವಿತ್ರ, ತಾರಸಿಯ ಮೇಲೆ ಬಾಳೆಲೆಯಲ್ಲಿ ಪಿಂಡ, ಮುಗಿಲಿಗೆ ಮುಖ ಮಾಡಿ ರಾಯರು “ಕಾ, ಕಾ” ಎನ್ನುತ್ತಿದ್ದಾರೆ. ಮೊದಲು ಪಾರಿವಾಳ ಬಂತು, ಓಡಿಸಿದರು. ಅಳಿಲು ಬಂತು, ಅದನ್ನೂ ಓಡಿಸಿದರು. ಕಾಗೆಯ ಸುಳಿವಿಲ್ಲ.

“ಕಾಡುಕಾಗೆ ಬಂದರೂ ಆಗುತ್ತೋ, ಊರುಕಾಗೆಯೇ ಆಗಬೇಕೋ?” ಎಂದು ರಾಯರು ಕೇಳಿದರು.

“ಪಿತೃಗಳು ನಿಮ್ಮಷ್ಟು ವಿಂಗಡಿಸಲ್ಲ ರಾಯರೇ. ಯಾವುದಾದರೂ ಬೇಗ ಬರಲಿ, ನನಗಿನ್ನೂ ಎರಡು ಮನೆ ಇದೆ” ಎಂದರು ಪುರೋಹಿತರು.

ಅಷ್ಟರಲ್ಲಿ ಪಕ್ಕದ ಹೊಂಗೆಮರದಲ್ಲಿ ಉಲಿಯಕ್ಕಿ ಚಿಲಿಪಿಲಿಗುಟ್ಟಿತು. ಆ ಋತುವಿನ ಮೊದಲನೆಯದು! ಪವಿತ್ರದ ಕೈ ತಾನಾಗಿ ಎದೆಯ ಮೇಲೆ ದುರ್ಬೀನು ತಡಕಿತು, ಜನಿವಾರ ಸಿಕ್ಕಿತು. ಕೊನೆಗೆ ಹೆಂಡತಿಯೇ ಮೇಲೆ ಬಂದರು. “ರೀ, ನೀವು ಸ್ವಲ್ಪ ಆಚೆ ನಿಲ್ಲಿ. ನಿಮ್ಮ ಮುಖ ಅದಕ್ಕೆ ಪರಿಚಯ ಇಲ್ಲ” ಎಂದು ಒಂದು ಸಲ ಕರೆದರು. ದಿನವೂ ಅವರ ಕೈಯ ಹಿಡಿ ಅನ್ನ ತಿನ್ನುವ ಕಾಗೆ ನೆಟ್ಟಗೆ ಬಂದು ಎಲೆಯ ಮೇಲೆ ಕೂತಿತು.

ರಾಯರು ಕಾಗೆಗೆ ತಲೆಬಾಗಬೇಕಾದ ಇನ್ನೊಂದು ಜಾಗ ಇ-ಬರ್ಡ್ ಎಂಬ ಹಕ್ಕಿಲೆಕ್ಕದ ಜಾಲತಾಣ. ಕಂಡದ್ದನ್ನೆಲ್ಲ ರಾತ್ರಿ ಕೂತು ಅದರಲ್ಲಿ ತುಂಬುತ್ತಾರೆ. ಕೊನೆಗೆ ಅದು ಕೇಳುತ್ತದೆ: ಗುರುತು ಹಿಡಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ? ರಾಯರು ಜಂಭದವರೇ ಹೊರತು ಸುಳ್ಳರಲ್ಲ. ನಿಟ್ಟುಸಿರುಬಿಟ್ಟು ಹಿಂದಕ್ಕೆ ಹೋಗಿ ಕಾಗೆ ಇಷ್ಟು, ಪಾರಿವಾಳ ಇಷ್ಟು, ಗೊರವಂಕ ಇಷ್ಟು ಎಂದು ನೆನಪಿನಿಂದ ಹೆಕ್ಕಿ ಬರೆಯುತ್ತಾರೆ. ಹಗಲೆಲ್ಲ ತಿರಸ್ಕರಿಸಿದವಕ್ಕೆ ರಾತ್ರಿ ಲೆಕ್ಕ ಒಪ್ಪಿಸುವುದು ಅವರ ಪಾಲಿನ ಪ್ರಾಯಶ್ಚಿತ್ತ.

ನಗುವವರು ನಗಲಿ, ಈ ಲೆಕ್ಕ ವ್ಯರ್ಥವಲ್ಲ. 2023ರಲ್ಲಿ ಬಂದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ನಿಂತಿರುವುದು ಇಂಥ ಸುಮಾರು 30 ಸಾವಿರ ರಾಯರು, ರಾಯರ ಸೊಸೆಯರು, ಕಾಲೇಜು ಹುಡುಗರು ಬರೆದಿಟ್ಟ ಸುಮಾರು 3 ಕೋಟಿ ದಾಖಲೆಗಳ ಮೇಲೆ. ಹೊಲದಂಚಿನ ತಂತಿಯ ಮೇಲೆ ಕಾಣುವ ನೀಲಕಂಠ, ನಮ್ಮ ರಾಜ್ಯಪಕ್ಷಿ, ಕಡಿಮೆಯಾಗುತ್ತಿದೆ ಎಂದು ಆ ವರದಿ ಹೇಳಿತು. ಅದನ್ನು ಯಾರೂ ‘ಲೈಫರ್’ ಎಂದು ಅಟ್ಟಿಕೊಂಡು ಹೋಗಿರಲಿಲ್ಲ. ಬೇಸರಪಟ್ಟುಕೊಂಡಾದರೂ ಎಣಿಸಿದ್ದರು, ಅದಕ್ಕೇ ಗೊತ್ತಾಯಿತು.

ಆದ್ದರಿಂದ ನಿಮ್ಮ ಬಡಾವಣೆಯ ರಾಯರು ಕರೆದರೆ ಒಂದು ಭಾನುವಾರ ಹೋಗಿ ಬನ್ನಿ. ಕಾಣದ ಹಕ್ಕಿಯನ್ನು ಕಂಡಿತು ಎನ್ನಬೇಡಿ. ಕಾಗೆ ಕಂಡರೆ, ಅವರು ಬೇಡವೆಂದರೂ, ಎಣಿಸಿಕೊಳ್ಳಿ.