ಆಗ್ನೇಯಕ್ಕೊಂದು ತುಂಡು ಆಕಾಶ

ತೀರ್ಥಹಳ್ಳಿ ಕಡೆ ನಮ್ಮ ಭಾವ ಹೊಸ ಮನೆ ಕಟ್ಟಿಸಿದರು. ವಾಸ್ತು ನೋಡಿದವರು ಹೇಳಿದಂತೆ ಅಡುಗೆಮನೆ ಆಗ್ನೇಯಕ್ಕೆ ಬಂತು, ದೇವರು ಈಶಾನ್ಯಕ್ಕೆ ಹೋದ. ಡಿಶ್‌ಗೆ ಯಾವ ದಿಕ್ಕು ಎಂದು ಮಾತ್ರ ಯಾರೂ ಕೇಳಲಿಲ್ಲ. "ಮುಂದಿನ ತಾರಸಿ ಮೇಲೇ ಇರಲಿ, ರಸ್ತೆಗೆ ಕಾಣ್ತದೆ" ಎಂದರು ಭಾವ. ಕೂರಿಸಲು ಬಂದ ಹುಡುಗ ಮೇಲೆ ನೋಡಿ, ತಲೆ ಕೆರೆದುಕೊಂಡು, "ರಸ್ತೆಗೆ ಕಾಣ್ತದೆ ಸಾರ್, ಉಪಗ್ರಹಕ್ಕೆ ಕಾಣಲ್ಲ. ಹಲಸಿನ ಮರ ಅಡ್ಡ" ಎಂದ.

ಡಿಶ್ ಕೊಳ್ಳಲು ಹೊರಟವರೆಲ್ಲ ಅಂಗಡಿಗೆ ಹೋಗಿ ಮೊದಲು ಕೇಳುವುದು "ಎಷ್ಟು ಚಾನೆಲ್ ಬರ್ತದೆ?" ಅಂತ. ಬಾವಿ ತೋಡಿಸುವ ಮೊದಲೇ ಕೊಡಪಾನದ ಬಣ್ಣ ಆರಿಸಿದ ಹಾಗೆ! ನೀವು ಮೊದಲು ನಿಮ್ಮ ಅಂಗಳಕ್ಕೆ ಹೋಗಿ, ದಕ್ಷಿಣಕ್ಕೂ ಪೂರ್ವಕ್ಕೂ ನಡುವೆ ಕತ್ತೆತ್ತಿ ನಿಲ್ಲಿ. ಅಲ್ಲಿ ಒಂದು ತುಂಡು ಬರಿ ಆಕಾಶ ಕಂಡರೆ ನೀವು ಪುಣ್ಯವಂತರು. ತೆಂಗಿನ ಗರಿ, ಅಡಿಕೆಯ ತುದಿ, ಪಕ್ಕದ ಮನೆಯವರು ಮೊನ್ನೆ ಎಬ್ಬಿಸಿದ ಎರಡನೇ ಮಹಡಿ ಕಂಡರೆ, ದುಡ್ಡು ಕೊಡುವ ಮೊದಲು ಬೇರೆ ಜಾಗ ಹುಡುಕಿ.

ದೂರದರ್ಶನದ ಫ್ರೀ ಡಿಶ್ ಹಿಡಿಯುವ ಜಿಸ್ಯಾಟ್-15 ಇರುವುದು ಭೂಮಧ್ಯರೇಖೆಯ ನೆತ್ತಿಯ ಮೇಲೆ, 93.5 ಡಿಗ್ರಿ ಪೂರ್ವದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅದರ ಮೂಗುದಾರ ಹಿಡಿದಿರುವವರು ಮಾತ್ರ ನಮ್ಮ ಹಾಸನದಲ್ಲಿದ್ದಾರೆ, ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ. ಅವರು ಅಷ್ಟು ಜತನದಿಂದ ಅದನ್ನು ಒಂದೇ ಕಡೆ ನಿಲ್ಲಿಸಿದರೆ, ನಾವು ಡಿಶ್‌ನ ಕಂಬಿಗೆ ಪಂಚೆ ಒಣಗಿಸಲು ಹಗ್ಗ ಕಟ್ಟುತ್ತೇವೆ! ಇಲ್ಲಿ ಒಂದು ಡಿಗ್ರಿ ಅಲುಗಿದರೆ ಅಲ್ಲಿ ಗುರಿ ಆರುನೂರು ಕಿಲೋಮೀಟರಿಗೂ ಹೆಚ್ಚು ತಪ್ಪುತ್ತದೆ.

ಭಾವನ ಕಥೆಗೆ ಬರುತ್ತೇನೆ. ಮರ ಅಡ್ಡ ಎಂದ ಕೂಡಲೇ ಅವರು ಡಿಶ್‌ನ ಹಿಂದೆ ಕೂತು, ಕೋವಿ ಹಿಡಿದವರಂತೆ ಒಂದು ಕಣ್ಣು ಮುಚ್ಚಿ, ಅದರ ಮುಖ ಎತ್ತ ಇದೆಯೋ ಆ ನೇರಕ್ಕಿದ್ದ ಕೊಂಬೆಯನ್ನು ಕಡಿಸಿಯೇಬಿಟ್ಟರು. ವರ್ಷಕ್ಕೆ ನಲವತ್ತು ಹಣ್ಣು ಬಿಡುತ್ತಿದ್ದ ಕೊಂಬೆ. ಸಿಗ್ನಲ್ ಬರಲಿಲ್ಲ. ಈ ಸಣ್ಣ ಡಿಶ್‌ಗಳ ಮುಖ ಒಂದು ಕಡೆ, ಗಮನ ಇನ್ನೊಂದು ಕಡೆ. ಮದುವೆಮನೆಯಲ್ಲಿ ನಿಮ್ಮ ಹತ್ತಿರ ಮಾತಾಡುತ್ತಾ ಊಟದ ಪಂಕ್ತಿಯನ್ನೇ ನೋಡುವವರ ಹಾಗೆ. ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ತಟ್ಟೆಯ ಕೆಳಗಿನಿಂದ ಚಾಚಿಕೊಂಡಿರುವುದರಿಂದ, ತಟ್ಟೆ ಕಾಣುವುದಕ್ಕಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲಿಂದ ಅದಕ್ಕೆ ಸಿಗ್ನಲ್ ಬೀಳುತ್ತದೆ. ಅಡ್ಡ ಇದ್ದದ್ದು ಮೇಲಿನ ಕೊಂಬೆ. ಅದನ್ನು ಮುಟ್ಟಲು ಅಕ್ಕ ಬಿಡಲಿಲ್ಲ. ಕೊನೆಗೆ ಡಿಶ್ ಕೊಟ್ಟಿಗೆಯ ಮಾಡಿಗೆ ಹೋಯಿತು. ಈಗ ಅದನ್ನು ದನಗಳಿಗಿಂತ ಹೆಚ್ಚು ಮುಸಿಯಗಳು ಬಳಸುತ್ತವೆ.

ಹಳೆಯ ಕಾಲದವರ ಕಷ್ಟ ಕೇಳಿದರೆ ನಮ್ಮದು ಏನೂ ಅಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ, ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಅಮೆರಿಕದ ಉಪಗ್ರಹದಿಂದ ನೇರವಾಗಿ ಟಿವಿ ತೋರಿಸಿದರು. ಆಗಿನ ಡಿಶ್ ಹತ್ತು ಅಡಿ ಅಗಲ, ಮಾಡಿದ್ದು ಕೋಳಿಗೂಡಿನ ಜಾಲರಿಯಿಂದ. ಊರಿಗೆಲ್ಲ ಒಂದೇ ಪೆಟ್ಟಿಗೆ. ರಿಮೋಟಿಗೆ ಜಗಳವಿಲ್ಲ.

ಈಗ ಬಾಕ್ಸ್ ವಿಚಾರ. ತಿಂಗಳ ಬಾಡಿಗೆ ಬೇಡ ಎನ್ನುವವರಿಗೆ ಫ್ರೀ ಡಿಶ್ ಇದೆ. ಒಮ್ಮೆ ಕೊಂಡರೆ ಆಯಿತು. ಚಂದನ ಬರುತ್ತದೆ, ಹಿಂದಿ ಬೇಕಾದಷ್ಟು ಬರುತ್ತದೆ. ಕನ್ನಡದ ಧಾರಾವಾಹಿಗಳೆಲ್ಲ ಬರುತ್ತವೆಂದು ಅತ್ತೆಗೆ ಮಾತು ಕೊಡಬೇಡಿ. ಕೊಳ್ಳುವಾಗ ಎಂಪೆಗ್-4 ಬಾಕ್ಸನ್ನೇ ಕೇಳಿ, ಹಳೆಯ ಎಂಪೆಗ್-2ಕ್ಕೆ ಕೆಲವು ಚಾನೆಲ್ ಕಾಣುವುದೇ ಇಲ್ಲ. ದುಡ್ಡಿನ ಡಿಟಿಎಚ್ ಆದರೆ, ಕಂಪನಿ ಬದಲಿಸಿದ ದಿನ ಬಾಕ್ಸೂ ಬದಲಿಸಬೇಕು ಎಂದು ಎಣಿಸಿಕೊಂಡೇ ಕೊಳ್ಳಿ. ಇನ್ನು, ಎರಡು ಟಿವಿಗೆ ಒಂದೇ ಬಾಕ್ಸ್ ಸಾಕು ಎನ್ನುವ ಜಾಣರಿದ್ದಾರೆ. ಸಾಕು, ಅತ್ತೆ ನೋಡಿದ್ದನ್ನೇ ಸೊಸೆಯೂ ನೋಡುವುದಾದರೆ!

ಡಿಶ್ ತಿರುಗಿಸುವಾಗ ಪರದೆ ಮೇಲೆ ಎರಡು ಪಟ್ಟಿ ಕಾಣುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಸ್ಟ್ರೆಂತ್ ಅಂದರೆ ಯಕ್ಷಗಾನದ ಭಾಗವತರ ಗಂಟಲು, ಕ್ವಾಲಿಟಿ ಅಂದರೆ ಶ್ರುತಿ. ಗಂಟಲು ಎಷ್ಟು ದೊಡ್ಡದಿದ್ದರೂ ಶ್ರುತಿ ಇಲ್ಲದಿದ್ದರೆ ಆಟ ಏಳುವುದಿಲ್ಲ. ಎರಡನೆಯದನ್ನು ನೋಡುತ್ತಾ ತಿರುಗಿಸಿ, ಕೂದಲೆಳೆಯಷ್ಟೇ. ಕೇಬಲ್ ಒಂದೇ ಉದ್ದಕ್ಕಿರಲಿ, ನಡುವೆ ಗಂಟು ಬೇಡ. ಗೋಡೆಯ ತೂತಿಗೆ ತೂರಿಸುವ ಮೊದಲು ತುಸು ಕೆಳಗೆ ಜೋತುಬಿಡಿ. ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಇಲ್ಲದಿದ್ದರೆ ಕೇಬಲ್ ಹಿಡಿದುಕೊಂಡೇ ಮಳೆ ನಿಮ್ಮ ಮನೆಯೊಳಗೆ ಬರುತ್ತದೆ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಅಷ್ಟೇ ಅಲ್ಲ, ಡಿಶ್‌ನ ಕೇಬಲ್ಲನ್ನೂ ಕಿತ್ತಿಡಿ.

ಮಳೆಗೆ ಸಿಗ್ನಲ್ ಹೋಗುವುದಕ್ಕೆ ಮಾತ್ರ ಯಾವ ಅಂಗಡಿಯಲ್ಲೂ ಮದ್ದಿಲ್ಲ. ಸಣ್ಣ ತಟ್ಟೆಗೆ ಬರುವ ಕೆಯು ಬ್ಯಾಂಡ್ ಅಲೆಗಳನ್ನು ದಪ್ಪ ಹನಿ ಕುಡಿದುಬಿಡುತ್ತದೆ. ಭಾವನಿಗೆ ಇದನ್ನೆಲ್ಲ ವಿವರಿಸಿ ಹೇಳಿದೆ. ಅವರು ಒಪ್ಪಲಿಲ್ಲ. ಹೋದ ಆಷಾಢದಲ್ಲಿ, ಅಕ್ಕನ ಧಾರಾವಾಹಿಯಲ್ಲಿ ಸತ್ತವನು ಬಾಗಿಲು ತಟ್ಟುವ ಹೊತ್ತಿಗೆ ಸರಿಯಾಗಿ ಮಳೆ ಹೊಡೆಯಿತು, ಪರದೆ ಚೌಕ ಚೌಕವಾಗಿ ಒಡೆಯಿತು. "ಈ ಡಿಶ್ ಕಂಪನಿಯವರಿಗೆ..." ಎಂದು ಭಾವ ಬಾಯಿ ತೆರೆದರು. ಕರೆಂಟೇ ಹೋಯಿತು.