ಬಿಸ್ಕತ್ತಲ್ಲದ ಬೋರ್ಬನ್

"ಕ್ರಿಸ್‌ಮಸ್ಸಿಗೆ ಪಕ್ಕದ ಮನೆ ಅಜ್ಜನಿಗೆ ಒಂದು ಬೋರ್ಬನ್ ಕೊಡೋಣ" ಅಂದೆ. ಚಿಕಾಗೋಗೆ ನಮ್ಮನ್ನು ನೋಡಲು ಬಂದಿದ್ದ ಅಮ್ಮ, "ಒಂದೇ ಪ್ಯಾಕೆಟ್ಟಾ? ಎರಡು ಕೊಡೋ, ಪಾಪ" ಅಂದಳು. ಅವಳಿಗೆ ಬೋರ್ಬನ್ ಅಂದರೆ ಮೇಲೆ ಸಕ್ಕರೆ ಉದುರಿಸಿದ ಚಾಕೊಲೇಟ್ ಕ್ರೀಮ್ ಬಿಸ್ಕತ್ತು! ನಾನು ಹೇಳಿದ್ದು ಅಮೆರಿಕದ ವಿಸ್ಕಿ.

ಅಜ್ಜನಿಗೆ ಸಿಹಿ ಬೇಕು, ನನ್ನ ಜೇಬಿಗೆ 30 ಡಾಲರಿನ ಆಸುಪಾಸು ಸಾಕು. ಅಂಗಡಿಯ ಕಪಾಟಿನೆದುರು, ಸೀರೆ ಅಂಗಡಿ ಹೊಕ್ಕ ಗಂಡಸಿನ ಹಾಗೆ ನಿಂತೆ. ಅಮೆರಿಕದ ಕಾನೂನಿನಂತೆ ಬೋರ್ಬನ್ ವಿಸ್ಕಿಯ ಧಾನ್ಯದಲ್ಲಿ ನೂರಕ್ಕೆ 51 ಪಾಲಾದರೂ ಮುಸುಕಿನ ಜೋಳ ಇರಬೇಕು. ಒಳಮೈ ಸುಟ್ಟು ಕರಕಲು ಮಾಡಿದ ಹೊಸ ಓಕ್ ಪೀಪಾಯಿಯಲ್ಲಿಡಬೇಕು. ಸಕ್ಕರೆ ಬೆರೆಸುವ ಹಾಗಿಲ್ಲ. ವೆನಿಲಾ, ಕ್ಯಾರಮೆಲ್ ಘಮವೆಲ್ಲ ಆ ಸುಟ್ಟ ಮರದ ಕೃಪೆ. ಜೋಳದ ಜೊತೆಗೆ ರೈ ಎಂಬ ಧಾನ್ಯ ಸೇರಿದರೆ ತುಸು ಖಾರ, ಗೋಧಿ ಸೇರಿದರೆ ಮೆದು, ಸಿಹಿ. ಹಾಗಾಗಿ ಗೋಧಿ ಬಳಗದ ಮೇಕರ್ಸ್ ಮಾರ್ಕ್ ಎತ್ತಿಕೊಂಡೆ. ನಿಜ ಹೇಳಬೇಕೆಂದರೆ, ಬಾಟಲಿಯ ಕುತ್ತಿಗೆಯಿಂದ ಇಳಿದ ಕೆಂಪು ಮೇಣ ನೋಡಿಯೇ ಅರ್ಧ ಸೋತಿದ್ದೆ.

ಮನೆಯಲ್ಲಿ ಅಮ್ಮ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಅರಗು ಹಾಕಿ ಮುಚ್ಚಿದ್ದಾರಲ್ಲೋ, ಕಾಶಿಯಿಂದ ತಂದ ಗಂಗೆ ಗಿಂಡಿ ಥರಾ!" ಕುಂಕುಮ ಹಚ್ಚಲು ಹೊರಟವಳನ್ನು ತಡೆಯುವಷ್ಟರಲ್ಲಿ ಸಾಕುಸಾಕಾಯಿತು.